ವಳಕಮದಿನ್ನಿಯ ಹೊಲದ ಮೇಲಿನ ಬಿಳಿ

ರೇಣುಕಾ, ನಿಮ್ಮ ಹೊಲಕ್ಕೆ ಸವಳು ಹತ್ತಿರಲಿಲ್ಲ. ನೀನು ಹತ್ತನೇ ತರಗತಿಯಲ್ಲಿದ್ದಾಗ ಅಲ್ಲಿ ಕಂಡ ಬಿಳಿ ಭೂಮಿಯಿಂದ ಎದ್ದ ಉಪ್ಪಲ್ಲ. ನಾನು ಸಿಂಧನೂರಿನ ಬಜಾರದಿಂದ ತಂದು ಚೆಲ್ಲಿದ ರಂಗೋಲಿ ಪುಡಿ.

ಇದನ್ನು ನಿನಗೊಬ್ಬಳಿಗೇ ಹೇಳಬಹುದಿತ್ತು. ಆದರೆ ಸುಳ್ಳನ್ನು ಎಲ್ಲರ ಮುಂದೆ ಹೇಳಿದವನು ನಿಜವನ್ನು ಕಿವಿಯಲ್ಲಿ ಹೇಳಿ ಮುಗಿಸುವುದು— ಅದು ಸರಿಯಲ್ಲ ಅನ್ನಿಸಿತು. ಆ ಬಿಳಿಯನ್ನು ತೋರಿಸಿದ ವಿಡಿಯೋ ಇದ್ದ ಜಾಗದಲ್ಲಿಯೇ, ನಮ್ಮ ಪಾಠದ ವಿಡಿಯೋಗಳ ಗ್ರಂಥಾಲಯದಲ್ಲಿಯೇ, ಇದು ಇರಬೇಕು. ಮೊದಲು ನೀನು ಓದು. ಆಮೇಲೆ ಉಳಿದವರು ಓದಲಿ.

ಆ ಗ್ರಂಥಾಲಯದ ಬಗ್ಗೆ ನನಗೆ ಹೆಮ್ಮೆ ಇದೆ. ಈಗಲೂ ಇದೆ, ಅದನ್ನು ಮುಚ್ಚಿಡಲಾರೆ. ಸಿಂಧನೂರು, ಲಿಂಗಸುಗೂರು, ಮಸ್ಕಿ— ಮೂರೂ ತಾಲ್ಲೂಕಿನ ನಾವು ಕೆಲವು ವಿಜ್ಞಾನ ಮಾಸ್ತರರು, ಮೇಡಂಗಳು ಶನಿವಾರ ಶಾಲೆ ಬಿಟ್ಟ ಮೇಲೆ ಕೂಡಿ, ನಮ್ಮ ನಮ್ಮ ಮೊಬೈಲಿನಲ್ಲೇ ಚಿತ್ರ ತೆಗೆದು ಕಟ್ಟಿದ್ದು ಅದು. ಪಠ್ಯಪುಸ್ತಕದ ಪರಿಸರ ಪಾಠದಲ್ಲಿ ಹಿಮನದಿ ಇತ್ತು, ಸಮುದ್ರ ಇತ್ತು. ನಮ್ಮ ಮಕ್ಕಳು ದಿನಾ ದಾಟುವ ಕಾಲುವೆ ಇರಲಿಲ್ಲ. ಲಿಂಗಸುಗೂರಿನ ಮೇಡಂ ಕುರಿಗಾರರ ಮನೆಯ ಹುಡುಗಿಯರಿಂದ ಗುಡ್ಡದ ಹುಲ್ಲುಗಳ ಹೆಸರು ಹೇಳಿಸಿ ತಂದರು. ಮಸ್ಕಿಯ ಸರ್ ಹಳ್ಳದ ನೀರನ್ನು ಬೇಸಿಗೆಗೊಮ್ಮೆ, ಮಳೆಗಾಲಕ್ಕೊಮ್ಮೆ ತೋರಿಸಿದರು. ಯಾವ ಶಾಲೆಯವರಾದರೂ ಸ್ಮಾರ್ಟ್ ಕ್ಲಾಸಿನ ಟಿವಿಯಲ್ಲಿ ತೆರೆದು ನೋಡಬಹುದಿತ್ತು, ನೋಡುತ್ತಿದ್ದರು. ನಮ್ಮದೊಂದು ಕಟ್ಟಳೆ ಇತ್ತು— ಪ್ರತಿ ವಿಡಿಯೋದ ಮೊದಲಲ್ಲಿ ಆ ಊರಿನ ಮಗುವೇ ನಿಂತು, ಇದು ಯಾವ ಊರು, ಯಾರ ಜಾಗ ಎಂದು ಹೇಳಬೇಕು. ಬೇರೆಲ್ಲಿಂದಲೋ ಎತ್ತಿ ತಂದ ಚಿತ್ರ ನಮ್ಮಲ್ಲಿ ಇರಬಾರದು ಎಂಬುದು ಉದ್ದೇಶ. ಈ ಕಟ್ಟಳೆಯನ್ನು ಸೂಚಿಸಿದವನು ನಾನೇ.

ನನ್ನ ಪಾಲಿಗೆ ಬಂದ ಪಾಠ ಸವಳು-ಜವಳು. ಕಾಲುವೆ ನೀರು ಹೆಚ್ಚಾಗಿ, ನೆಲದೊಳಗೇ ನಿಂತು, ಉಪ್ಪನ್ನು ಮೇಲಕ್ಕೆ ತರುವ ಪಾಠ. ಜವಳಗೇರಾದ ನಮ್ಮ ಶಾಲೆಯ ಹತ್ತಿರವೇ ಒಂದು ಸವಳು ಹೊಲವನ್ನು ಗುರುತು ಮಾಡಿಟ್ಟಿದ್ದೆ. ಅಕಾಲದ ಮಳೆ ಬಂತು. ಮೇಲಿದ್ದ ಬಿಳಿಯೆಲ್ಲ ತೊಳೆದುಹೋಯಿತು. ಶನಿವಾರದ ಸಭೆ ಮುಂದಿತ್ತು. ಎಲ್ಲರೂ ತಂದಿರುತ್ತಾರೆ, ನಾನೊಬ್ಬ ಬರಿಗೈ— ಹೀಗೆ ಯೋಚಿಸಿದ್ದು ನೆನಪಿದೆ. ಬಿಸಿಲು ಬಿದ್ದರೆ ಉಪ್ಪು ಮತ್ತೆ ಏಳುತ್ತದೆ, ಕಾಯಬಹುದಿತ್ತು. ಕಾಯಲಿಲ್ಲ.

"ಸರ್, ನಮ್ಮ ಹೊಲ ರೋಡಿಗೇ ಐತ್ರಿ. ಅಲ್ಲೇ ತೆಗೀರಿ" ಎಂದು ನೀನು ಹಿಂದೊಮ್ಮೆ ಹೇಳಿದ್ದೆ, ಬೇರಾವುದೋ ಪಾಠಕ್ಕೆ. ಕೊಯ್ಲು ಮುಗಿದು ಖಾಲಿ ಬಿದ್ದ ಹೊಲ. ನಿನಗೆ ಅಲ್ಲಿಗೆ ಬರಲು ಹೇಳಿ, ನೀನು ಬರುವ ಮೊದಲೇ ಬೆಳಿಗ್ಗೆ ಗಾಡಿ ನಿಲ್ಲಿಸಿ ಇಳಿದೆ. ಬಸಿಗಾಲುವೆಯ ಪಕ್ಕದ ತಗ್ಗು ಮೂಲೆಯನ್ನು ಆರಿಸಿದೆ, ಏಕೆಂದರೆ ಉಪ್ಪು ಎದ್ದರೆ ಮೊದಲು ಅಲ್ಲಿಯೇ ಏಳುವುದೆಂದು ನನಗೆ ಗೊತ್ತಿತ್ತು. ಗೊತ್ತಿದ್ದ ವಿಜ್ಞಾನವನ್ನೇ ಸುಳ್ಳಿಗೆ ಹಚ್ಚಿದೆ. ಪುಡಿಯನ್ನು ಬೆರಳ ಸಂದಿಯಿಂದ ತೆಳ್ಳಗೆ ಉದುರಿಸಿ, ಹೆಂಟೆಗಳ ನೆತ್ತಿಯ ಮೇಲೆ ಸ್ವಲ್ಪ ದಪ್ಪಗೆ ಬಿಟ್ಟೆ. ದೂರ ನಿಂತು ನೋಡಿದೆ. ಚೆನ್ನಾಗಿ ಬಂದಿತ್ತು.

ನೀನು ಬಂದೆ. ನೋಡಿದೆ. ಬಗ್ಗಿ ಮತ್ತೊಮ್ಮೆ ನೋಡಿದೆ.

"ಸರ್, ಇದು ನಿನ್ನಿ ಇರಲಿಲ್ರೀ. ನಾ ಎಮ್ಮಿ ಹೊಡಕೊಂಡು ಇಲ್ಲೇ ಬಂದಿದ್ದೆ."

"ನಿನ್ನಿ ನೀ ಸರಿಯಾಗಿ ನೋಡಿಲ್ಲ. ಈಗ ನೋಡು."

ನಾನು ಹೇಳಿದ್ದು ಇಷ್ಟೇ. ನೀನು ಒಂದು ಗಳಿಗೆ ನನ್ನ ಮುಖ ನೋಡಿದೆ, ಆಮೇಲೆ ನೆಲ ನೋಡಿದೆ, ಆಮೇಲೆ ತಲೆಯಾಡಿಸಿದೆ. ಪುಡಿ ಚೆಲ್ಲಿದ್ದಕ್ಕಿಂತ ದೊಡ್ಡ ತಪ್ಪು ನನ್ನ ಆ ಮಾತು. ಸರಿಯಾಗಿ ನೋಡಿದ ಮಗುವಿಗೆ ನೀನು ನೋಡಿಲ್ಲ ಎಂದೆ— ಕಣ್ಣಾರೆ ಕಂಡದ್ದನ್ನು ನಂಬಲು ಕಲಿಸಬೇಕಾದ ಮಾಸ್ತರ. ಆಮೇಲೆ ನೀನು ಮೊಬೈಲಿನ ಮುಂದೆ ನೆಟ್ಟಗೆ ನಿಂತು, ಗಂಟಲು ಸರಿಪಡಿಸಿಕೊಂಡು ಹೇಳಿದೆ: "ಇದು ವಳಕಮದಿನ್ನಿ. ಇದು ನಮ್ಮ ಹೊಲ."

ವಿಡಿಯೋ ಎಲ್ಲರಿಗೂ ಹಿಡಿಸಿತು. ನಿನ್ನ ದನಿ ಹಾಗಿತ್ತು. ನಿಮ್ಮವ್ವ ಈರಮ್ಮ ಓಣಿಯವರನ್ನೆಲ್ಲ ಕರೆಕರೆದು ಮೊಬೈಲಿನಲ್ಲಿ ತೋರಿಸಿದಳೆಂದು ನೀನೇ ಶಾಲೆಯಲ್ಲಿ ನಗುತ್ತ ಹೇಳಿದ್ದೆ. ಪಕ್ಕದ ಮನೆಯವಳು, "ಹೊಲ ಕೆಟ್ಟಿದ್ದಕ್ಕ ಇಷ್ಟು ಖುಷಿ ಏನಬೇ ನಿನಗ?" ಎಂದಳಂತೆ. "ಹೊಲದ್ದು ಬಿಡಬೇ, ನನ್ನ ಮಗಳು ಹೆಂಗ ಮಾತಾಡ್ತಾಳ ಅದನ್ನ ನೋಡು!" ಎಂದಳಂತೆ ಅವ್ವ. ನಾನೂ ನಕ್ಕೆ.

ನೋಡಿದವರಲ್ಲಿ ನಿಮ್ಮ ಹೊಲವನ್ನು ಲೀಜಿಗೆ ಮಾಡುತ್ತಿದ್ದ, ಕಾಲುವೆ ಬಂದ ಮೇಲೆ ವಲಸೆ ಬಂದು ನೆಲೆಸಿದವರ ಕ್ಯಾಂಪಿನ ರೈತನೂ ಇದ್ದ. ಮುಂದಿನ ಹಂಗಾಮಿಗೆ ಅವನು ಬರಲಿಲ್ಲ. ಈರಮ್ಮ ಶಾಲೆಗೆ ಬಂದಳು. "ನಿಮ್ಮ ಹುಡುಗೀನ ಹೇಳ್ಯಾಳಲ್ಲಮ್ಮಾ, ಇನ್ ನಾ ಯಾಕ ಮಾಡ್ಲಿ ಅಂತಾನ್ರೀ ಆತ. ಸರ್, ನೀವ ಹೇಳ್ರಿ. ಖರೇನ ಸವಳು ಹತ್ತೈತೇನ್ರಿ?"

ಆ ಹೊತ್ತಿಗೆ ಒಳಗಿನ ಕೋಣೆಯಲ್ಲಿ ಬೇರೆ ಜಿಲ್ಲೆಯ ಮಾಸ್ತರರು ನಮ್ಮ ಗ್ರಂಥಾಲಯ ನೋಡಲೆಂದು ಕುಳಿತಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ. ಇದನ್ನು ಕಾರಣವೆಂದು ಹೇಳುತ್ತಿಲ್ಲ; ಎಲ್ಲಿ ನಿಂತಿದ್ದೆ ಎಂದು ಹೇಳುತ್ತಿದ್ದೇನೆ, ಅಷ್ಟೇ.

"ಶುರು ಆಗೈತಿ ಈರಮ್ಮಾ. ನೀರು ಕಡಿಮಿ ಬಿಡ್ರಿ."

ಅವಳು ನಂಬಿದಳು. ತಾನೇ ಭತ್ತ ಹಚ್ಚಿದಳು, ನಾನು ಹೇಳಿದಂತೆ ನೀರು ಕಡಿಮೆ ಬಿಟ್ಟಳು. ನೀರು ಸಾಲದೆ ತೆನೆ ಜೊಳ್ಳಾಯಿತು. ಜೊಳ್ಳಾದದ್ದೇ ಸವಳಿಗೆ ಸಾಕ್ಷಿಯಾಯಿತು. ನನ್ನ ಸುಳ್ಳು ಹೀಗೆ ಊರ ಕಣ್ಣಿಗೆ ನಿಜವಾಗುತ್ತ ಹೋಯಿತು, ಮತ್ತು ನಾನು— ನನಗೆ ಎಲ್ಲವೂ ಗೊತ್ತಾಗುತ್ತಿತ್ತು.

ಹೋದ ವಾರ ಸಿಂಧನೂರಿನ ಬಸ್ ಸ್ಟ್ಯಾಂಡಿನಲ್ಲಿ ಈರಮ್ಮ ಸಿಕ್ಕಳು. "ಹೊಲ ಮೀನಿನ ಹೊಂಡಕ್ಕ ಕೊಡಾಕತ್ತೀವ್ರಿ ಸರ್. ಜೆಸಿಬಿ ಬರ್ತೈತಿ. ಹೆಂಗಿದ್ರೂ ನೆಲ್ಲು ಬರಂಗಿಲ್ಲ" ಎಂದಳು. ಒಮ್ಮೆ ಹೊಂಡ ತೋಡಿದರೆ ಮೇಲಿನ ಮಣ್ಣು ಹೋಯಿತು. ಆ ಹೊಲ ಮತ್ತೆ ಹೊಲವಾಗುವುದಿಲ್ಲ. ಆಮೇಲೆ ಮುಖ ಅರಳಿಸಿ ಅಂದಳು: "ರೇಣುಕಾ ರಾಯಚೂರಾಗ ಕೃಷಿ ಓದಾಕತ್ಯಾಳ್ರಿ. ನಮ್ಮ ಹೊಲದ ಸವಳು ಕಂಡ ಮ್ಯಾಲನ ಈ ಓದು ಹಿಡದೆ ಅಂತ ಕಾಲೇಜಿನ್ಯಾಗ ಎಲ್ಲಾರ ಮುಂದ ನಿಮ್ಮ ವಿಡಿಯೋ ತೋರ್ಸ್ಯಾಳಂತ."

ನನ್ನ ಬಸ್ಸು ಬಂತು. ಹತ್ತಿದೆ. ಆ ದಿನವೂ ಹೇಳಲಿಲ್ಲ.

ಮರುದಿನ ವಳಕಮದಿನ್ನಿಗೆ ಹೋಗಿ, ಬದುವಿನ ಮೇಲೆ ನಿಂತು ಈರಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅದು ಅವಳಿಗೆ ತಿಳಿದಿತ್ತೋ ಏನೋ.

"ಜೆಸಿಬಿಯವ್ರಿಗೆ ಬರಬ್ಯಾಡ ಅಂತ ನಾ ಹೇಳ್ತೀನಿ. ನನ್ನ ಮಗಳಿಗೆ ನೀವ ಹೇಳ್ರಿ. ನನ್ನ ಬಾಯಿಲೆ ಹೇಳಸಬ್ಯಾಡ್ರಿ ಸರ್."

ಶನಿವಾರದ ಸಭೆಯಲ್ಲೂ ಹೇಳಿದೆ. ಆ ವಿಡಿಯೋವನ್ನು ಗ್ರಂಥಾಲಯದಿಂದ ತೆಗೆದುಹಾಕಿದೆವು. ಮಸ್ಕಿಯ ಸರ್ ಕೇಳಿದರು: "ಇಂಥವು ಇನ್ನೂ ಎಷ್ಟದಾವ್ರಿ?" ಇದೊಂದೇ ಎಂದೆ. "ನಿಮ್ಮ ಮಾತು ಸಾಕಾಗಂಗಿಲ್ರಿ ಸರ್, ನಾವು ನೋಡ್ತೀವಿ" ಎಂದರು. ನನ್ನ ಪಾಠಗಳನ್ನೆಲ್ಲ ಈಗ ಅವರು ಒಂದೊಂದಾಗಿ, ಆಯಾ ಊರಿಗೇ ಹೋಗಿ ಪರೀಕ್ಷಿಸುತ್ತಿದ್ದಾರೆ. ಗ್ರಂಥಾಲಯದ ಬಗ್ಗೆ ನನಗೆ ಎಂದಿಗಿಂತ ಹೆಚ್ಚು ಹೆಮ್ಮೆಯಾದದ್ದು ಆ ಮಾತು ಕೇಳಿದಾಗ. ಅದು ನನ್ನನ್ನು ನಂಬಿ ನಿಂತಿಲ್ಲ.

ನಿನ್ನ ಬಗ್ಗೆಯೂ ಹೆಮ್ಮೆ ಇದೆ, ರೇಣುಕಾ. ಅದನ್ನು ಹೇಳಿಕೊಳ್ಳುವ ಹಕ್ಕು ಕಳೆದುಕೊಂಡಿದ್ದೇನೆ, ಆದರೂ ಇದೆ. ನೀನು ಹಿಡಿದ ಓದಿನ ಬುಡದಲ್ಲಿ ನನ್ನ ಸುಳ್ಳಿದೆ ಎಂದು ತಿಳಿದ ಮೇಲೆ ಆ ಓದನ್ನು ಏನು ಮಾಡುತ್ತೀಯೋ, ನನ್ನನ್ನು ಏನೆಂದು ಕರೆಯುತ್ತೀಯೋ— ಅದು ನಿನಗೆ ಬಿಟ್ಟದ್ದು.

ಭಾನುವಾರ ನೀನು ಊರಿಗೆ ಬರುತ್ತೀಯೆಂದು ಅವ್ವ ಹೇಳಿದ್ದಾಳೆ. ನೀನು ಬಸ್ಸಿಳಿಯುವಲ್ಲಿ ನಿಂತಿರುತ್ತೇನೆ. ಏನು ಕೇಳಿದರೂ ಉತ್ತರ ಕೊಡುತ್ತೇನೆ. ಮಾತಾಡಿಸದೆ ಮುಂದೆ ನಡೆದರೆ, ಹಿಂದೆ ಬರುವುದಿಲ್ಲ.