ಜಮಖಾನದ ಮ್ಯಾಲಿನ ರೋಡ್ ಐಲೆಂಡ್

ಎಪ್ಪತ್ತನೇ ಇಸವಿ ಸುಮಾರಿಗೆ ನಾನು ನವಲಗುಂದ ಕಡೆ ಗ್ರಾಮಸೇವಕ. ಕೋಳಿ ಸಾಕೂದು ಕಲಸಾಕ ಬಂದಿದ್ದ ಅಮೆರಿಕದ ಹುಡುಗನ್ನ ಮೊರಬ ಅನ್ನೂ ಹಳ್ಳಿಗೆ ಕರಕೊಂಡು ಹೋಗಿದ್ದೆ. ಅಂವಗ ಕನ್ನಡ ಚಲೋ ಬರತಿತ್ತು. ಅಲ್ಲಿ ಕೋಳಿ ಸಾಕತಿದ್ದ ಗಂಗಜ್ಜಿ ನಮಗ ಜಮಖಾನ ಹಾಸಿ, ಹುರದ ಶೇಂಗಾ ಇಟ್ಟು, "ನಿಂದು ಯಾವ ಊರಪಾ?" ಅಂದ್ಲು.

"ರೋಡ್ ಐಲೆಂಡ್ ರೀ. ಎಲ್ಲಾಕಿಂತ ಸಣ್ಣ ರಾಜ್ಯ. ಈ ಜಮಖಾನ ಅಮೆರಿಕಾ ಅಂದ್ರ, ನಮ್ಮದು ಇಷ್ಟ ರೀ," ಅಂತ ಅದರ ಅಂಚಿಗೆ ಒಂದು ಶೇಂಗಾಕಾಯಿ ಇಟ್ಟ. "ಅದರಾಗೂ ನಡುವ ಸಮುದ್ರ ಹೊಕ್ಕೈತ್ರಿ."

ಮಾತಿನ ಭರದಾಗ ನಾನು ಅದನ್ನ ಎತ್ತಿ ಒಡ್ಯಾಕ ಹೋದೆ. ಅಜ್ಜಿ ನನ್ನ ಕೈಮ್ಯಾಲೆ ಫಟ್ ಅಂತ ಹೊಡದ್ಲು.

"ಬಿಡ್ರೀ ಸಾಹೇಬ್ರ! ಅದರಾಗ ಇಂವನ ಅವ್ವ ಅದಾಳ!"

ಹುಡುಗ ನಗಲಿಲ್ಲ. ಹೊಳ್ಳಿ ಬರೂಮುಂದ ಬಸ್ಸಿನಾಗ ಆ ಶೇಂಗಾಕಾಯಿನ ಮುಷ್ಟ್ಯಾಗ ಹಿಡಕೊಂಡ ಕೂತಿದ್ದ. ಬಾಜೂಕ ಕೂತ ನನಗ ಅಗದಿ ಹಸಿವು. ಆದ್ರ ಒಬ್ಬರ ರಾಜ್ಯಾನ ಬೇಡಿ ತಿನ್ನೂದು ಹ್ಯಾಂಗ?