ಲೆಫ್ಟ್ ತಗೊಳ್ಳಬಾರದು, ಮಾಡಬೇಕು

ಅಮೆರಿಕದ ಜರ್ಮನ್‌ಟೌನ್‌ನಲ್ಲಿ ನನಗೆ ಕಾರು ಕಲಿಸುತ್ತೇನೆಂದು ಕೂತ ನನ್ನ ಗಂಡ ಮೊದಲ ದಿನವೇ ಒಂದು ಕಾನೂನು ಮಾಡಿದರು: ಕಾರಿನೊಳಗೆ ಕನ್ನಡ ಕೂಡದು. ನಾನೇನು ಮಾಡಲಿದ್ದೇನೋ ಅದನ್ನು ಮೊದಲು ಇಂಗ್ಲಿಷಿನಲ್ಲಿ ಬಾಯಿಬಿಟ್ಟು ಹೇಳಬೇಕು, ಆಮೇಲೆ ಸ್ಟಿಯರಿಂಗ್ ತಿರುಗಿಸಬೇಕು. ಲೈಸೆನ್ಸ್ ಪರೀಕ್ಷೆಗೆ ಇದರಿಂದ ಧೈರ್ಯ ಬರುತ್ತದಂತೆ. ಧೈರ್ಯವಂತೆ, ಮಣ್ಣು!

ನನಗೆ ಆ ಲೈಸೆನ್ಸ್ ಬೇಕೇಬೇಕಿತ್ತು. ವೀಸಾದ ದೆಸೆಯಿಂದ ಕೆಲಸ ಮಾಡುವ ಹಾಗಿಲ್ಲದೆ, ಕೋವಿಡ್ ಕಾಲವೆಲ್ಲ ಅಪಾರ್ಟ್‌ಮೆಂಟಿನ ಗೋಡೆ ನೋಡುತ್ತ ಕೂತವಳಿಗೆ ಕೊನೆಗೂ ಅನುಮತಿ ಬಂದು, ಕ್ಲಾರ್ಕ್ಸ್‌ಬರ್ಗ್‌ನ ಆಚೆ ಒಂದು ಲ್ಯಾಬಿನಲ್ಲಿ ಕೆಲಸವೂ ಸಿಕ್ಕಿತ್ತು. ಅಲ್ಲಿಗೆ ಬಸ್ಸಿಲ್ಲ. ಗಂಡನ ಆಫೀಸು ಸ್ಟರ್ಲಿಂಗ್‌ನಲ್ಲಿ, ಪೂರ್ತಿ ಉಲ್ಟಾ ದಿಕ್ಕು. ಗುರುವಾರ ಪರೀಕ್ಷೆ, ಸೋಮವಾರ ಕೆಲಸಕ್ಕೆ ಸೇರಬೇಕು.

"ಟೇಕ್ ಲೆಫ್ಟ್" ಎಂದೆ. ಗಂಡ ಹಣೆ ಚಚ್ಚಿಕೊಂಡರು. ಅಮೆರಿಕದಲ್ಲಿ ಯಾರೂ ಲೆಫ್ಟ್ ತಗೊಳ್ಳುವುದಿಲ್ಲವಂತೆ, 'ಮೇಕ್ ಎ ಲೆಫ್ಟ್' ಅನ್ನಬೇಕಂತೆ. 'ಔಟ್ ಆಫ್ ಸ್ಟೇಷನ್' ಅಂದರೆ ಜನ ನಗುತ್ತಾರಂತೆ, 'ಔಟ್ ಆಫ್ ಟೌನ್' ಅಂತೆ. ಎದುರುಮನೆಯ ಅಮೆರಿಕನ್ ಅಜ್ಜಿ ದಿನಾ 'ಟೇಕ್ ಎ ಲೆಫ್ಟ್' ಅನ್ನುತ್ತಾರಲ್ಲ ಎಂದರೆ, ಆಕೆಗೆ ವಯಸ್ಸಾಗಿದೆ ಎಂದುಬಿಟ್ಟರು. ಇಷ್ಟೆಲ್ಲ ಬಲ್ಲ ಈ ಮಹಾನುಭಾವರಿಗೆ ಫೋನು ದಾರಿ ಹೇಳದಿದ್ದರೆ ಹಾಲಿನ ಅಂಗಡಿಯೂ ಸಿಗುವುದಿಲ್ಲ.

ಗುರುವಾರ ಪರೀಕ್ಷಕಿ ನನ್ನ ಪಕ್ಕದಲ್ಲಿ ಕೂತರು. ಅಭ್ಯಾಸಬಲ, ನಾನು ಪ್ರತಿ ತಿರುವನ್ನೂ ಇಂಗ್ಲಿಷಿನಲ್ಲಿ ಸಾರತೊಡಗಿದೆ. ಹೇಳುವುದು ಬೇಡ, ಓಡಿಸಿದರೆ ಸಾಕು ಎಂದು ಆಕೆ ಮೆಲ್ಲಗೆ ಹೇಳಿದರು. ಬಾಯಿ ನಿಂತಿತು, ತಲೆ ನಿಲ್ಲಬೇಕಲ್ಲ! ಮುಂದಿನದಕ್ಕೆ 'ಗೋ ಸ್ಟ್ರೇಟ್' ಸರಿಯೋ 'ಕೀಪ್ ಗೋಯಿಂಗ್' ಸರಿಯೋ ಎಂದು ಒಳಗೊಳಗೇ ತಡಕಾಡುತ್ತಿರುವಾಗ ಕೆಂಪು ಸ್ಟಾಪ್ ಬೋರ್ಡು ಪಕ್ಕದಲ್ಲಿ ಹಾದುಹೋಯಿತು. ರಸ್ತೆ ಖಾಲಿಯಿದ್ದರೂ ಅಲ್ಲಿ ಕಾರು ಪೂರ್ತಿ ನಿಲ್ಲಿಸಲೇಬೇಕು, ನಾನು ನಿಲ್ಲಿಸಿರಲಿಲ್ಲ. ಪರೀಕ್ಷೆ ಅಲ್ಲಿಗೆ ಮುಗಿಯಿತು, ನಾನು ಫೇಲು.

ಮತ್ತೆ ಪರೀಕ್ಷೆಗೆ ದಿನ ಸಿಕ್ಕಿದ್ದು ಮೂರು ವಾರದ ನಂತರ. ಅಷ್ಟು ದಿನ ಕಾಯಲಾರೆವು, ಸೋಮವಾರ ಬರುತ್ತೀರೋ ಇಲ್ಲವೋ ತಿಳಿಸಿ ಎಂದರು ಲ್ಯಾಬಿನವರು. ದಿನಾ ಕ್ಯಾಬ್ ಹಿಡಿದರೆ ಸಂಬಳವೆಲ್ಲ ಅದಕ್ಕೇ ಸರಿಹೋಗುತ್ತಿತ್ತು.

ಶನಿವಾರ ಬೆಳಿಗ್ಗೆ ಊಟದ ಮೇಜಿನ ಮುಂದೆ ಕೂತು, ನನಗೆ ಬರಲಾಗುವುದಿಲ್ಲ ಎಂದು ಲ್ಯಾಬಿಗೆ ಈಮೇಲ್ ಬರೆದೆ. ಬರೆಯುತ್ತ ಅಳು ಉಕ್ಕಿ ಬಂತು. ಗಂಡ ಕಾಫಿ ಲೋಟ ಹಿಡಿದು ಬೆನ್ನ ಹಿಂದೆ ಬಂದು ನಿಂತರು. ಸಮಾಧಾನ ಮಾಡಲು ಬಂದರೆಂದುಕೊಂಡೆ, ನನ್ನ ಬುದ್ಧಿಗಿಷ್ಟು! ಅವರು ಮೊದಲಿನಿಂದ ಕೊನೆಯವರೆಗೆ ಓದಿ, ಪರದೆಯ ಮೇಲೆ ಬೆರಳಿಟ್ಟರು.

"ಲ್ಯಾಬ್ 'ರೀಚ್' ಆಗಕ್ಕಾಗಲ್ಲ ಅಂತ ಬರ್ದಿದ್ಯಲ್ಲ, ಅದನ್ನ 'ಗೆಟ್ ಟು' ಅಂತ ಮಾಡು."

ಆ ಗಳಿಗೆಯಲ್ಲಿ ಈ ಮನುಷ್ಯನ ಮೇಲೆ ಹುಟ್ಟಿದ ತಾತ್ಸಾರ ಇವತ್ತಿಗೂ ಪೂರ್ತಿ ಹೋಗಿಲ್ಲ. ಜಗಳವಾಡುವ ತ್ರಾಣವಿರಲಿಲ್ಲ. ತಿದ್ದಿದೆ, ಕಳಿಸಿದೆ.

"ಈಗ ಸರಿಹೋಯ್ತು ನೋಡು" ಎಂದರು.