ಕರೆಂಟು ಹೋದರೆ ಏನು ಮಾಡುತ್ತದೆ?

ಸರ್ವರ್ ಕೋಣೆಗೆ ಯಾರೇ ಬಂದರೂ ಚಪ್ಪಲಿ ಹೊರಗೆ ಬಿಟ್ಟೇ ಬರಬೇಕೆಂದು ನಾನು ಕಟ್ಟಪ್ಪಣೆ ಮಾಡಿದ್ದೆ. ನಮ್ಮ ನಿರ್ದೇಶಕರೂ ಬಿಟ್ಟೇ ಬರುತ್ತಿದ್ದರು, ನನಗೆ ಅದರಿಂದ ಒಳಗೊಳಗೇ ಖುಷಿ. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ರಾಯಾಪುರದ ಹತ್ತಿರ, ಜೋಳದ ತಳಿಗಳ ಮೇಲೆ ಕೆಲಸ ಮಾಡುವ ಸಣ್ಣ ಸಂಶೋಧನಾ ಕೇಂದ್ರವೊಂದರಲ್ಲಿ ಕಂಪ್ಯೂಟರುಗಳ ಉಸ್ತುವಾರಿ ನನ್ನದು. ಎಲ್ಲರ ಫೈಲುಗಳೂ ಆ ಒಂದು ಸರ್ವರಿನಲ್ಲಿದ್ದವು.

ಆ ವರ್ಷ ಸ್ನ್ಯಾಪ್‌ಶಾಟ್ ತೆಗೆಯುವ ತಂತ್ರಾಂಶವೊಂದನ್ನು ಆಯ್ದುಕೊಳ್ಳಬೇಕಾಯಿತು. ಡಿಸ್ಕು ಒಂದು ಗಳಿಗೆಯಲ್ಲಿ ಹೇಗಿತ್ತೋ ಹಾಗೇ ಹಿಡಿದಿಡುವುದು, ಮುಂದೆ ಯಾರಾದರೂ ಫೈಲು ಕೆಡಿಸಿಕೊಂಡರೆ ಆ ಗಳಿಗೆಯದನ್ನು ವಾಪಸ್ ತಂದುಕೊಡುವುದು, ಇಷ್ಟೇ ಅದರ ಕೆಲಸ. ಮನುಷ್ಯರಿಗೆ ಬಿಟ್ಟರೆ ನಾಲ್ಕು ದಿನ ಮಾಡಿ ಐದನೆಯ ದಿನ ಮರೆಯುತ್ತಾರೆ. ಹೊತ್ತಿಗೆ ಸರಿಯಾಗಿ ತಾನೇ ಮಾಡುವಂಥದ್ದು ಬೇಕಿತ್ತು. ಮೂರನ್ನು ಒಂದು ವಾರ ಹೋಲಿಸಿ ನೋಡಿ, ಹುಬ್ಬಳ್ಳಿಯ ಡೀಲರೊಬ್ಬ ತಂದು ತೋರಿಸಿದ ಬಣ್ಣಬಣ್ಣದ ಗುಂಡಿಗಳ ಒಂದಕ್ಕೆ ಮರುಳಾದೆ. ರಾತ್ರಿ ಎರಡು ಗಂಟೆ ಉತ್ತಮ, ಆಗ ಯಾರೂ ಕೆಲಸ ಮಾಡುತ್ತಿರುವುದಿಲ್ಲ ಎಂದು ಅದರ ಪುಸ್ತಕದಲ್ಲಿ ಬರೆದಿತ್ತು. ಎರಡು ಗಂಟೆ ಎಂದೇ ಹಾಕಿದೆ.

ನಮ್ಮಲ್ಲೊಬ್ಬರು ಹಿರಿಯ ಅಟೆಂಡರ್ ಇದ್ದರು, ಎಲ್ಲರಿಗೂ ಕಾಕಾ. ಹಿಂದೆ ಯಾವಾಗಲೋ ವೈರು ಸುಟ್ಟು ಒಂದು ಕೋಣೆ ಕರಕಾಗಿತ್ತಂತೆ. ಅಂದಿನಿಂದ ಅವರು ದಿನಾ ಸಂಜೆ ಐದೂವರೆಗೆ ಇಡೀ ಕಟ್ಟಡದ ಮೇನ್ ಸ್ವಿಚ್ ಬಂದ್ ಮಾಡಿ, ಅದಕ್ಕೊಂದು ಕೈಮುಗಿದು, ಬಾಗಿಲಿಗೆ ಬೀಗ ಹಾಕುತ್ತಿದ್ದರು. ಅದಕ್ಕೂ ಮೊದಲು ಸರ್ವರ್ ಬಂದ್ ಮಾಡುವವನು ನಾನು. ಬೆಳಿಗ್ಗೆ ಮರಳಿ ಹಚ್ಚುವವನೂ ನಾನೇ. ಆದರೂ ರಾತ್ರಿ ಎರಡಕ್ಕೆ ಆ ಯಂತ್ರ ತಣ್ಣಗೆ ಬಿದ್ದಿರುತ್ತದೆಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ತಂತ್ರಾಂಶವೂ ಚಕಾರವೆತ್ತಲಿಲ್ಲ. ತಕರಾರು ಬರದಿದ್ದರೆ ಎಲ್ಲ ಸರಿಯಿದೆ ಎಂದುಕೊಳ್ಳುವುದು ನನ್ನ ಹಳೆಯ ಚಾಳಿ.

ಗರಗದಿಂದ ಬಸ್ಸಿನಲ್ಲಿ ಬರುತ್ತಿದ್ದ ಸಂಶೋಧಕಿಯೊಬ್ಬರು ಹಿಂಗಾರಿ ಜೋಳದ ಮೇಲೆ ಪಿಎಚ್.ಡಿ. ಮಾಡುತ್ತಿದ್ದರು. ಪ್ರಬಂಧ ಒಪ್ಪಿಸಲು ಅವರಿಗೆ ಸಿಕ್ಕಿದ್ದ ಕೊನೆಯ ಗಡುವಿಗೆ ಮೂರು ವಾರ ಉಳಿದಿತ್ತು. ತಪ್ಪಿದರೆ ನೋಂದಣಿಯೇ ರದ್ದು. ಒಂದು ಮಧ್ಯಾಹ್ನ ಅವರು ಚಪ್ಪಲಿ ಬಿಡುವುದನ್ನೂ ಮರೆತು ನನ್ನ ಕೋಣೆಗೆ ಬಂದರು.

"ಸರ್, ತೆನಿ ತೂಕದ ಕಾಲಂ ಒಂದನ್ನ ಏರಿಕಿ ಪ್ರಕಾರ ಜೋಡಿಸಿಬಿಟ್ಟೇನ್ರಿ. ತಾಕಿನ ನಂಬರ್ ಮಾತ್ರ ಅಲ್ಲೇ ಉಳದಾವು. ಮೂರು ದಿನಾ ಆತು, ಈಗ ಕಂಡೈತಿ."

ಅಂದರೆ ಹೊಲದ ಒಂದು ತಾಕಿನ ತೆನೆಯ ತೂಕ ಇನ್ನೊಂದು ತಾಕಿನ ಮುಂದೆ ಕುಳಿತಿತ್ತು. ಮೂರು ಹಂಗಾಮಿನ ಅಳತೆ ಪೂರಾ ಕಲಸುಮೇಲೋಗರ.

"ಗಾಬರಿ ಆಗಬ್ಯಾಡ್ರಿ, ಒಂದ ನಿಮಿಷ," ಎಂದು ಗತ್ತಿನಿಂದಲೇ ಪಟ್ಟಿ ತೆರೆದೆ. ಅದರಲ್ಲಿ ಒಂದೇ ಒಂದು ಸ್ನ್ಯಾಪ್‌ಶಾಟ್ ಇತ್ತು. ನಾಲ್ಕು ತಿಂಗಳ ಹಿಂದೆ, ಹಗಲಿನಲ್ಲಿ, ಪರೀಕ್ಷೆಗೆಂದು ನಾನೇ ತೆಗೆದದ್ದು. ಅದರ ಕೆಳಗೆ ಖಾಲಿ. ಅಂದು ಅವರ ಈ ಫೈಲು ಇನ್ನೂ ಹುಟ್ಟೇ ಇರಲಿಲ್ಲ.

ಅವರು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಮರುದಿನ ಹೊಲದ ನೋಟುಬುಕ್ಕುಗಳನ್ನೆಲ್ಲ ಕೈಚೀಲದಲ್ಲಿ ಹೊತ್ತು ತಂದರು, ಅಂಚಿಗೆಲ್ಲ ಎರೆಮಣ್ಣು ಹತ್ತಿತ್ತು. ಕಾಕಾ ಓದುವುದು, ಅವರು ಟೈಪ್ ಮಾಡುವುದು, ನಾನು ತಾಳೆ ನೋಡುವುದು, ಹೀಗೆ ನಾಲ್ಕು ದಿನ ಕುಳಿತೆವು. ಎರಡನೆಯ ಸಂಜೆ ಮೇನ್ ಬಂದ್ ಮಾಡಲು ಎದ್ದ ಕಾಕಾ ಬಾಗಿಲಲ್ಲಿ ನಿಂತರು.

"ಸಾಹೇಬ್ರ, ಒಂದ ಮಾತ ಕೇಳತೇನಿ, ಸಿಟ್ಟಾಗಬ್ಯಾಡ್ರಿ. ನಾ ಐದೂವರಿಗೆ ಮೇನ್ ಬಂದ್ ಮಾಡೋದು ನಿಮಗ ಗೊತ್ತೈತಿ. ನೀವು ರಾತ್ರಿ ಎರಡಕ್ಕ ಕೆಲಸ ಹಚ್ಚೀರಿ. ಕರೆಂಟ್ ಇಲ್ಲಂದ್ರ ಅದು ಏನ್ ಮಾಡತೈತ್ರಿ?"

ಒಂದು ವಾರ ಕುಳಿತು ಹೋಲಿಕೆ ಮಾಡಿದವನಿಗೆ ಈ ಒಂದು ಪ್ರಶ್ನೆ ಹೊಳೆದಿರಲಿಲ್ಲ. ಮರುದಿನ ಅದನ್ನೇ ಎಲ್ಲ ಕಡೆ ಕೇಳಿದೆ. "ಮಶೀನ್ ಇಪ್ಪತ್ನಾಕ ತಾಸೂ ಚಾಲೂ ಇರಬೇಕ್ರಿ ಸರ್," ಎಂದ ಡೀಲರ್. ಎರಡನೆಯದರ ಪುಸ್ತಕದಲ್ಲಿ ಅದರ ಸುದ್ದಿಯೇ ಇರಲಿಲ್ಲ. ಮೂರನೆಯದು ಕಪ್ಪು ತೆರೆಯ ಮೇಲೆ ಬರೀ ಅಕ್ಷರಗಳದ್ದು, ನೋಡಲು ಚೆಂದವಿಲ್ಲವೆಂದು ನಾನು ಬದಿಗಿಟ್ಟಿದ್ದು. ಹೊತ್ತು ತಪ್ಪಿದರೆ, ಯಂತ್ರ ಎದ್ದ ಕೂಡಲೇ ಬಾಕಿ ಕೆಲಸ ಮುಗಿಸುವುದು ಅದಕ್ಕೆ ಗೊತ್ತಿತ್ತು. ಅದನ್ನೇ ಹಾಕಿದೆ. ಸಮಯ ಗೊತ್ತುಮಾಡಿದ್ದು ಕಾಕಾ: "ಒಂದೂಕಾಲಕ್ಕ ಹಚ್ರಿ. ಆವಾಗ ಎಲ್ಲಾರೂ ರೊಟ್ಟಿ ಗಂಟ ಬಿಚ್ಚಿರತಾರ."

ಟೈಪಿಂಗ್ ಮುಗಿದ ಮರುದಿನ ಒಂದು ಗಂಟೆಗೇ ಕರೆಂಟು ಹೋಯಿತು. ಬಂದದ್ದು ಮೂರಕ್ಕೆ. ಸರ್ವರ್ ಹಚ್ಚಿ ಕುಳಿತೆ. ಸ್ವಲ್ಪ ಹೊತ್ತಿಗೆ ಪಟ್ಟಿಯಲ್ಲಿ ಹೊಸ ಸಾಲೊಂದು ಮೂಡಿತು. ಹಿಂದೆಯೇ ನಿಂತಿದ್ದ ಸಂಶೋಧಕಿ ಕೇಳಿದರು, "ಸ್ನ್ಯಾಪ್‌ಶಾಟ್ ತಗೀತೇನ್ರಿ?"

"ತಗೀತ್ರಿ."

"ಹಂಗಾರ ನನ್ನ ಫೈಲ್ ನಾನ ಕೆಡಸ್ತೇನಿ. ಬರತೈತೋ ಇಲ್ಲೋ ನೋಡೂಣು."

"ಬ್ಯಾಡ್ರಿ ಅಕ್ಕಾರ, ಬ್ಯಾರೆ ಯಾವದರ ಫೈಲಿನ ಮ್ಯಾಲ ನೋಡೂಣು."

"ಬ್ಯಾರೆದ್ದು ಬಂದ್ರ ನನಗೇನ ಧೈರ್ಯ ಬರತೈತ್ರಿ?"

ನಾನು ತಡೆಯುವಷ್ಟರಲ್ಲಿ ಅದೇ ಕಾಲಂ ಅನ್ನು ಹಿಂದಿನಂತೆಯೇ ಕೆಡಿಸಿ, ಸೇವ್ ಮಾಡಿ, ಮುಚ್ಚಿದರು. ನಾಲ್ಕು ದಿನದ ದುಡಿತ ಹೋಯಿತು. ಬರೆಯುವುದಿನ್ನೂ ಬಾಕಿಯಿತ್ತು, ಮತ್ತೊಮ್ಮೆ ಟೈಪ್ ಮಾಡಲು ಗಡುವಿನಲ್ಲಿ ಜಾಗವಿರಲಿಲ್ಲ. ನಾನು ವಾಪಸ್ ತರುವ ಆಜ್ಞೆ ಕೊಟ್ಟೆ. ಫೈಲು ಬಂತು. ಕಾಕಾ ನೋಟುಬುಕ್ಕು ಹಿಡಿದು ಮೊದಲ ಇಪ್ಪತ್ತು ತಾಕು ಓದಿದರು. ಒಂದೊಂದೂ ತನ್ನ ತನ್ನ ಜಾಗದಲ್ಲೇ ಇತ್ತು. ಆ ವಾರದಲ್ಲಿ ಮೊದಲ ಸಲ ಸಂಶೋಧಕಿ ನಕ್ಕರು.

"ಬ್ಯಾರೆ ಕಾಪಿ ಇಟ್ಕೊಂಡಿದ್ರಿಲ್ಲೋ?" ಎಂದು ಕೇಳಿದೆ.

"ಇಲ್ರಿ. ತಗೀತು ಅಂತ ನೀವ ಹೇಳಿದ್ರಲ್ಲ," ಎಂದು ಪ್ರಬಂಧ ಬರೆಯಲು ಹೋದರು.

ಗಡುವಿಗೆ ಎರಡು ದಿನ ಮೊದಲೇ ಅವರು ಪ್ರಬಂಧ ಒಪ್ಪಿಸಿದರು. ಅವರು ಫೈಲು ಕೆಡಿಸಿದ ಆ ಮಧ್ಯಾಹ್ನ ನನ್ನ ಅಂಗಿಯ ಜೇಬಿನಲ್ಲಿ ಅವರ ಫೈಲಿನ ಪ್ರತಿಯಿದ್ದ ಫ್ಲಾಪಿಯೊಂದಿತ್ತು. ಬೆಳಿಗ್ಗೆಯೇ, ಯಾರಿಗೂ ಕಾಣದಂತೆ, ಹಾಕಿಟ್ಟುಕೊಂಡಿದ್ದೆ. ನನ್ನ ಆಯ್ಕೆಯನ್ನು ನನಗಿಂತ ಹೆಚ್ಚು ಅವರು ನಂಬಿದ್ದರು. ಆ ಫ್ಲಾಪಿಯ ಸಂಗತಿಯನ್ನು ಅವರಿಗೆ ಇಂದಿಗೂ ಹೇಳಿಲ್ಲ.